ಮೋರೇರ ಮನೆಗೆ ಜೆಸಿಬಿ ಬೇಡ

ಪತ್ರ: ಕೊಪ್ಪಳ ಜಿಲ್ಲೆಯ ನಮ್ಮ ಹೊಲದಂಚಿಗೆ ಕಲ್ಲುಚಪ್ಪಡಿ ನಿಲ್ಲಿಸಿದ ಮೂರು ಮೋರೇರ ಮನೆಗಳು, ಅಂದರೆ ಪುರಾತನ ಕಲ್ಲಿನ ಗೋರಿಗಳು, ಇವೆ. ಜೆಸಿಬಿ ತರಿಸಿ ಕಿತ್ತು ಹೊಲ ಸಮ ಮಾಡೋಣ ಅಂತಾನೆ ತಮ್ಮ. ಸರ್ಕಾರಕ್ಕೆ ತಿಳಿಸಿದರೆ ಹೊಲವೇ ಹೋದೀತೆಂಬ ಭಯ ಅವನಿಗೆ. ಯಾರದೋ ಗೋರಿಗೆ ನಾವೇಕೆ ಜಾಗ ಬಿಡಬೇಕು?
– ಓದುಗರೊಬ್ಬರು, ಚಿಂಚವಡ, ಪುಣೆ

ಉತ್ತರ: ದಯವಿಟ್ಟು ಇವತ್ತೇ ತಮ್ಮನಿಗೆ ಫೋನು ಮಾಡಿ ಕೆಲಸ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ನಿಮ್ಮದೇ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥ ಸುಮಾರು 400 ರಚನೆಗಳಿವೆ. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿತು. ನಿಮ್ಮ ಹೊಲದ ಮೂರು ಮನೆಗಳೂ ಅದೇ ಕಬ್ಬಿಣ ಯುಗದ ಜನರವಿರಬಹುದು. ಅಷ್ಟು ಭಾರದ ಚಪ್ಪಡಿಗಳನ್ನು ಎಳೆದು ತಂದು ನಿಲ್ಲಿಸಿದವರನ್ನು ‘ಯಾರದೋ’ ಎಂದು ತಳ್ಳಿಬಿಡಲು ನನಗೆ ಮನಸ್ಸಾಗದು.

ಕಲ್ಲುಗಳನ್ನು ಕಿತ್ತು ಬೇರೆಡೆ ಜೋಡಿಸಿಟ್ಟರೆ ಸಾಲದೇ ಎಂದು ನಿಮ್ಮ ತಮ್ಮ ಕೇಳಬಹುದು. ಸಾಲದು. ಯಾವುದು ಎಲ್ಲಿ, ಯಾವುದರ ಜೊತೆ ಇತ್ತೆಂಬುದೇ ಹಳೆಯ ಕಥೆ ಹೇಳುವುದು. ಪುಣೆ ಜಿಲ್ಲೆಯ ಇನಾಮಗಾಂವ್ ಮೋರೇರ ಮನೆಗಳಿಗಿಂತ ಹಳೆಯ ಊರು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರು 1968ರಿಂದ ಅಲ್ಲಿ ಅಗೆದಾಗ, ಮನೆಗಳ ನೆಲದಡಿ ಎರಡು ಮಡಕೆಗಳ ಬಾಯಿಗೆ ಬಾಯಿ ಕೂಡಿಸಿ ಮಕ್ಕಳನ್ನು ಹೂಳಿದ್ದು ಕಂಡಿತು. ದೊಡ್ಡವರನ್ನು ಪಾದ ಕತ್ತರಿಸಿ ಮಲಗಿಸಿದ್ದರು. ನಾಗಪುರದ ಬಳಿಯ ಮಹುರ್ಝರಿಯಲ್ಲಿ ಸುತ್ತ ಕಲ್ಲು ಜೋಡಿಸಿದ ಗೋರಿಗಳಾದ ಕಲ್ಲುವೃತ್ತಗಳಲ್ಲಿ ಕುದುರೆಯ ಎಲುಬಿನ ಜೊತೆಗೇ ಅದರ ತಾಮ್ರದ ಒಡವೆ ಸಿಕ್ಕಿತು. ಯಾರಾದರೂ ಮೊದಲೇ ಆ ತಾಮ್ರವನ್ನು ಎತ್ತಿಕೊಂಡು ಹೋಗಿದ್ದರೆ ಅದು ಕುದುರೆಯದೆಂದು ಯಾರಿಗೆ ಗೊತ್ತಾಗುತ್ತಿತ್ತು? ವಸ್ತು ಇದ್ದಲ್ಲೇ ಇದ್ದದ್ದರಿಂದ ಇಷ್ಟು ತಿಳಿಯಿತು. ನಿಧಿಯಾಸೆಗೆ ಗೋರಿ ಅಗೆಯುವವರು ಹಾಳುಮಾಡುವುದೂ ಇದನ್ನೇ.

ಇನ್ನು ಹೊಲದ ಭಯ. 1958ರ ಕೇಂದ್ರ ಕಾಯ್ದೆಯಡಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಜಾಗದಲ್ಲೂ ಒಂದಡಿಗಿಂತ ಆಳ ಅಗೆಯದ ಬೇಸಾಯಕ್ಕೆ ಅಡ್ಡಿಯಿಲ್ಲ. ಆದರೆ ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ, 2010ರ ತಿದ್ದುಪಡಿಯಂತೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ಅಲ್ಲಿ ಮನೆ ಕಟ್ಟುವ ಯೋಚನೆಯಿದ್ದರೆ ಇದು ತೊಡಕೇ, ಅದನ್ನು ಮುಚ್ಚಿಡಲಾರೆ. ಹೀಗೆ ನೆಲ ಬಿಟ್ಟುಕೊಡುವ ರೈತನಿಗೆ ಸರ್ಕಾರ ಏನಾದರೂ ಕೊಡಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಘೋಷಣೆಯಾಗದ ಗೋರಿಗಳನ್ನು ಇವತ್ತಿಗೂ ಕಾಯುತ್ತಿರುವವರು ಹೊಲದ ಯಜಮಾನರೇ ಅಲ್ಲವೇ?

ಮುಂದಿನ ಸಲ ಊರಿಗೆ ಹೋದಾಗ ಮೂರನ್ನೂ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಸರ್ವೆ ನಂಬರು ಬರೆದು ರಾಜ್ಯದ ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ, ಅದರ ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಕಳಿಸಿ. ಅರ್ಜಿ ಬರೆಯುವುದು ಕಷ್ಟವೆನಿಸಿದರೆ ವಿವರ ನಮಗೆ ಕಳಿಸಿ, ನಾವೇ ಬರೆದುಕೊಡುತ್ತೇವೆ.
– ಸಂಪಾದಕ