ಎಲೆಯ ತುದಿಯ ಉಪ್ಪು

ಡೊಂಬಿವಲಿಯಿಂದ ಹಿರಿಯ ಓದುಗರೊಬ್ಬರು, ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕುಳಿತವರು, ಬರೆದಿದ್ದಾರೆ: "ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ದಿನದಿಂದ ನನ್ನ ಹೆಂಡತಿ ಬಡಿಸುವುದೆಲ್ಲ ಸಪ್ಪೆ. ನಮ್ಮಜ್ಜ ಗಂಜಿಗೆ ದಿನವೂ ಉಪ್ಪಿನಕಾಯಿ ನೆಂಜಿಕೊಂಡೇ ಎಂಬತ್ತೈದು ವರ್ಷ ಬದುಕಿದರು. ಸೈಂಧವ ಲವಣವನ್ನಾದರೂ ತಿನ್ನಬಹುದಲ್ಲವೇ?"

ಸಂಪಾದಕರ ಉತ್ತರ: ಹಿರಿಯರೇ, ನಿಮ್ಮಜ್ಜ ಬಿಸಿಲಿನಲ್ಲಿ ಗದ್ದೆ ಉತ್ತು ಬೆವರು ಸುರಿಸಿದವರು, ಅವರಿಗೆ ಉಪ್ಪು ಬೇಕಿತ್ತು, ಒಪ್ಪುತ್ತೇನೆ. ಗಲ್ಲಾದಲ್ಲಿ ಕುಳಿತವರಿಗೆ ಆ ಲೆಕ್ಕ ಸಲ್ಲದು.

ಅಜ್ಜನನ್ನು ನೆನೆದ ನೀವು ಅಜ್ಜಿಯನ್ನು ಮರೆತಿರಿ. ಭರಣಿಯ ಉಪ್ಪುಸೊಳೆಯನ್ನು, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು, ಅವರು ಹಾಗೆಯೇ ಒಲೆಗೆ ಏರಿಸಿದ್ದುಂಟೇ? ಮುಂಬಯಿಯ ಮಾಟುಂಗದ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ನಲ್ಲಿಗೆ ನೀರು ಬರುತ್ತಿದ್ದುದೇ ಬೆಳಗಿನ ಎರಡು ಗಂಟೆಯಷ್ಟು ಹೊತ್ತು. ಆದರೂ ಊರಿನಿಂದ ಬಂದ ಸೊಳೆಗೆ ನನ್ನ ತಾಯಿ ಮೂರು ಸಲ ನೀರು ಬದಲಿಸುತ್ತಿದ್ದರು. ಒಂದು ಚೂರು ಬಾಯಿಗೆ ಹಾಕಿ, "ಇನ್ನೂ ಉಪ್ಪುಪ್ಪು" ಎಂದು ಮತ್ತೆ ಮುಳುಗಿಸುತ್ತಿದ್ದರು. ಎಲೆಯ ತುದಿಗೆ ಅವರು ಬಡಿಸುತ್ತಿದ್ದ ಉಪ್ಪು ಒಂದು ಚಿಟಿಕೆ, ಉಪ್ಪಿನಕಾಯಿ ಒಂದೇ ಹೋಳು. ಹಿರಿಯರ ಊಟ ಎನ್ನುವಾಗ ಈ ಮಿತಿಯನ್ನೂ ಸೇರಿಸಿ ಹೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚೆಂದರೆ ಒಂದು ಟೀ ಚಮಚ. ಉಪ್ಪು ಮೀರಿದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ, ಹೃದಯ ದುಡಿದು ದಣಿಯುತ್ತದೆ. ಸೈಂಧವವೂ ಬಹುಪಾಲು ಅಡುಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ ಕ್ಲೋರೈಡ್. ಜೊತೆಗೆ ಅಯೋಡಿನ್ ಕೈತಪ್ಪುತ್ತದೆ. ಬದಲಿ ಉಪ್ಪಿನ ಮಾತಾದರೆ, ಚೀನಾದ 600 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ ಉಪ್ಪಿನ ಕಾಲು ಭಾಗದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟು, ಉಳಿದ ಹಳ್ಳಿಗಳಲ್ಲಿ ಮಾಮೂಲಿ ಉಪ್ಪನ್ನೇ ಬಿಟ್ಟು ನೋಡಿದರು. ಪ್ರಯೋಗದಲ್ಲಿದ್ದವರಲ್ಲಿ ಹೆಚ್ಚಿನವರು ಹಿಂದೆ ಪಾರ್ಶ್ವವಾಯುವಿಗೆ ತುತ್ತಾದವರು, ಉಳಿದವರು ನಿಮ್ಮಂತೆ ರಕ್ತದೊತ್ತಡವಿದ್ದ ಹಿರಿಯರು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಬೆರೆಸಿದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಉಳಿದವರಿಗಿಂತ ಶೇ. 14ರಷ್ಟು ಕಡಿಮೆ ಇತ್ತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಆ ಉಪ್ಪು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಸಪ್ಪೆ ಎಂದು ಮನೆಯಾಕೆಯನ್ನು ದೂರಿದ್ದು ನನಗೆ ಹಿಡಿಸಲಿಲ್ಲ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಅಲ್ಲಿಯವರೆಗೆ ಹುಣಸೆ, ಲಿಂಬೆ, ಇಂಗಿನ ಒಗ್ಗರಣೆ ಕೈಹಿಡಿಯುತ್ತವೆ. ದೂರಬೇಕಾದ ಕಡೆ ಬೇರೆ ಇದೆ. ನಾಲ್ಕು ಗಂಟೆಯ ಚಹಾಕ್ಕೆ ಬಿಚ್ಚುವ ಫರಸಾಣದ, ಅಂದರೆ ಖಾರದ ಕುರುಕಲು ತಿಂಡಿಯ, ಪೊಟ್ಟಣವನ್ನು ತಿರುಗಿಸಿ ನೋಡಿ. ಇರುವೆಯಂಥ ಅಕ್ಷರಗಳಲ್ಲಿ "ಸೋಡಿಯಂ" ಎಂದಿರುತ್ತದೆ, ಅದೂ ಮಿಲಿಗ್ರಾಂಗಳಲ್ಲಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಎಷ್ಟು ಮಂದಿ ಗುಣಿಸಿಯಾರು? ಉಪ್ಪು ಎಂಬ ಎರಡಕ್ಷರವನ್ನು ಪೊಟ್ಟಣದ ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚು ಹಾಕಲು ಇದನ್ನು ಮಾಡಿ ಮಾರುವವರಿಗೆ ಏನು ಅಡ್ಡಿ? ಮನೆಯ ಅಡುಗೆಗೆ ಕಡಿವಾಣ ಹಾಕಿ, ಪೊಟ್ಟಣವನ್ನು ಮೊಮ್ಮಕ್ಕಳ ಕೈಗೆ ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹೋಟೆಲಿನ ಒಳಗುಟ್ಟು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿಮ್ಮ ಸಾಂಬಾರಿನ ಹಂಡೆಗೆ, ಚಟ್ನಿಗೆ ದಿನಕ್ಕೆ ಎಷ್ಟು ಉಪ್ಪು ಬೀಳುತ್ತಿತ್ತು ಎಂದು ನೆನಪಿನಿಂದ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಬಿಟ್ಟಿರುತ್ತೇನೆ.