ಮಿಲ್ಲಿನ ಲಾಭದಲ್ಲಿ ಯಾರ ಪಾಲು ಎಷ್ಟು?

ಕಲಬುರಗಿಯಲ್ಲಿ ಭಾವನ ಜೊತೆ ತೊಗರಿಬೇಳೆ ಮಿಲ್ಲು. ನಿಮ್ಮ ದುಡ್ಡು 10 ಲಕ್ಷ, ಅವರದು 4 ಲಕ್ಷ, ಆದರೆ ದಿನಾ ಮಿಲ್ಲಿನಲ್ಲಿ ನಿಲ್ಲೋರು ಅವರು. ಪಾಲುದಾರಿಕೆ ಪತ್ರದಲ್ಲಿ ‘ಲಾಭ ಪರಸ್ಪರ ಒಪ್ಪಿಗೆಯಂತೆ’ ಅಂತಷ್ಟೇ ಇದೆ. ನಿಮಗೆ ಜಾಸ್ತಿ ಪಾಲು ಬರಬೇಕಲ್ವಾ ಅಂತ ಕೇಳಿದ್ದೀರಿ.

ದುಡ್ಡು ಜಾಸ್ತಿ ಹಾಕಿದ್ದೀರಿ ಅನ್ನೋ ಕಾರಣಕ್ಕೆ ಬರೋದಿಲ್ಲ ಸರ್. 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಬಂಡವಾಳಕ್ಕೆ ಬಡ್ಡಿಯೂ ಇಲ್ಲ. ಹಾಗಂತ ನಿಮ್ಮ ಭಾವನಿಗೂ ಸಂಬಳ ಕೇಳೋ ಹಕ್ಕಿಲ್ಲ! ಒಪ್ಪಿದ ಬಂಡವಾಳದ ಮೇಲೆ ವ್ಯವಹಾರಕ್ಕೆ ಹೆಚ್ಚಿಗೆ ಕೊಟ್ಟ ದುಡ್ಡಿಗೆ ಮಾತ್ರ ವರ್ಷಕ್ಕೆ ಶೇ. 6 ಬಡ್ಡಿ ಉಂಟು.

ಆದರೆ ಬಾಯಿಮಾತಿನಲ್ಲಿ ಒಪ್ಪಿ ಬೇರೆ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾ ಬಂದಿದ್ದರೆ, ಆ ನಡವಳಿಕೆಯೇ ಒಪ್ಪಂದ ಅಂತ ವಾದಿಸಬಹುದು. ಹಳೇ ಲೆಕ್ಕದ ಪುಸ್ತಕಗಳನ್ನು ಮೊದಲು ತೆಗೆದಿಡಿ.

ಹೊಸ ಪತ್ರ ಮಾಡಿಸುವಾಗ ಶೇಕಡಾ ಎಷ್ಟು ಅಂತ ಬರೆದು ಸುಮ್ನಾಗಬೇಡಿ. ಯಾವುದರಲ್ಲಿ ಅಷ್ಟು? ಹಮಾಲಿ, ಕರೆಂಟ್ ಬಿಲ್, ಬ್ಯಾಂಕ್ ಬಡ್ಡಿ, ಯಂತ್ರದ ಸವಕಳಿ ಕಳೆದ ಮೇಲೆ ಉಳಿದದ್ದರಲ್ಲೋ, ಅದಕ್ಕೂ ಮೊದಲೋ? ಹೊಟ್ಟು, ನುಚ್ಚು ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ? ನನ್ನ ಕೇಳಿದರೆ ಬೇಳೆಗಿಂತ ಹೊಟ್ಟಿನ ದುಡ್ಡಿಗೇ ಜಗಳ ಜಾಸ್ತಿ. ಭಾವ ದುಡಿಯುವುದಕ್ಕೆ ತಿಂಗಳ ಸಂಬಳ ಬೇರೆಯಾಗಿ ಬರೆಸಿ, ಅದು ನ್ಯಾಯ.

ಫರ್ಮ್ ನೋಂದಣಿಯನ್ನೂ ಮಾಡಿಸಿ. ಇಲ್ಲದಿದ್ದರೆ 69ನೇ ಸೆಕ್ಷನ್ ಪ್ರಕಾರ ಪತ್ರದ ಹಕ್ಕಿಗಾಗಿ ಭಾವನ ಮೇಲೆ ದಾವೆ ಹೂಡಲು ಬರುವುದಿಲ್ಲ. ಫರ್ಮ್ ಮುಚ್ಚಿ ಲೆಕ್ಕ ಕೊಡಿ ಅಂತ ಮಾತ್ರ ಕೇಳಬಹುದು.