ಕೆಲಸ ಹೋದ್ಮೇಲೆ "ಊರಿಗೆ ಹೋಗಿ ಆರಂಭ (ಬೇಸಾಯ) ಮಾಡ್ಕೊಂಡು ಇರ್ತೀನಿ" ಅಂದವರು: ಒಂದು ಆಪ್ತಸಲಹೆ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇವರ ಊರು, ಮನೆ ವಿವರ, ಕೆಲವು ಲೆಕ್ಕ ಎಲ್ಲಾ ಗುರುತು ಸಿಗದ ಹಾಗೆ ಬದಲಾಯಿಸಿದೀನಿ, ಹಾಕೋಕೆ ಮುಂಚೆ ಗಂಡ ಹೆಂಡ್ತಿ ಇಬ್ಬರಿಗೂ ಪೂರ್ತಿ ಓದಿ ಹೇಳಿ ಒಪ್ಪಿಗೆ ತಗೊಂಡಿದೀನಿ. ಹೆಸರು ಬೇಡ, "ಅವರು" ಅಂತಲೇ ಬರೀತೀನಿ.

2025ರ ಮಾರ್ಚ್ ಕೊನೇ ವಾರ ಬಂದ್ರು. 41 ವರ್ಷ, ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿಲಿ 14 ವರ್ಷ ಕ್ವಾಲಿಟಿ ಚೆಕಿಂಗ್ ಮಾಡ್ತಿದ್ರು. ಫೆಬ್ರವರಿ ಮೊದಲ ವಾರ ಒಂದು ಮಧ್ಯಾಹ್ನ ಆಫೀಸಿಗೆ ಕರೆದು ನೀವೇ ರಿಸೈನ್ ಬರೆದುಕೊಡಿ, ಎರಡು ತಿಂಗಳ ಸಂಬಳ ಜಾಸ್ತಿ ಹಾಕ್ತೀವಿ ಅಂದ್ರಂತೆ, ಬರೆದುಕೊಟ್ಟು ಬಂದಿದಾರೆ. ಮನೇಲಿ ಹೇಳ್ಲಿಲ್ಲ. ಆರು ವಾರ ದಿನಾ ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡು ಹೆಂಡ್ತಿ ಕಟ್ಟಿಕೊಟ್ಟ ಡಬ್ಬಿ ತಗೊಂಡು ಹೊರಡೋದು, ಗೊರಗುಂಟೆಪಾಳ್ಯದಲ್ಲಿ ಇಳಿಯೋದು, ಒಂದು ಪಾರ್ಕಲ್ಲಿ ಕೂತು ಸಾಯಂಕಾಲದವರೆಗೂ ಫೋನಲ್ಲಿ ಕೃಷಿ ವಿಡಿಯೋ ನೋಡೋದು, ಶಿಫ್ಟ್ ಮುಗಿಯೋ ಟೈಮಿಗೆ ಮನೆಗೆ ಹೋಗೋದು. ಮಗಳ ಸ್ಕೂಲ್ ಫೀಸ್ ಕಟ್ಟೋಕೆ ಅಂತ ಅಕೌಂಟ್ ನೋಡಿದಾಗ ಹೆಂಡ್ತಿಗೆ ಗೊತ್ತಾಯ್ತು, ಆಕೆನೇ ಕರ್ಕೊಂಡು ಬಂದಿದ್ದು. ಆಕೆ ಅವತ್ತು ಹೇಳಿದ್ದು ನನಗೆ ಇನ್ನೂ ಕಿವೀಲಿದೆ: "ಕೆಲ್ಸ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಡಂ, ನಾನು ದಿನಾ ಎದ್ದು ಆ ಡಬ್ಬಿ ಕಟ್ಟಿದ್ನಲ್ಲ."

ಅವರು ಮಾತ್ರ ಕೂತ ತಕ್ಷಣ ಕೆಲ್ಸದ ವಿಷ್ಯ ಬಿಟ್ಟು ಜಮೀನಿನ ವಿಷ್ಯ ಶುರು ಮಾಡಿದ್ರು. ತುಮಕೂರು ಜಿಲ್ಲೇಲಿ ಊರು, ಅಪ್ಪನ ಜಮೀನು 3 ಎಕರೆ 12 ಗುಂಟೆ, ಅದರಲ್ಲಿ ಸ್ವಲ್ಪ ತೆಂಗು, ಉಳಿದಿದ್ದು ಖುಷ್ಕಿ, ಅಂದ್ರೆ ಮಳೆ ನಂಬಿದ ಹೊಲ. ಬೋರ್ ಹಾಕಿಸ್ತೀನಿ, ಅಡಿಕೆ ಇಡ್ತೀನಿ, ನಾಲ್ಕು ಹಸು ಕಟ್ತೀನಿ, ಒಂದು ರೂಪಾಯಿಗೂ ಯಾರ ಮುಂದೆ ಕೈ ಒಡ್ಡಲ್ಲ ಅಂತ ಮುಕ್ಕಾಲು ಗಂಟೆ ಒಂದೇ ಸಮನೆ ಹೇಳಿದ್ರು, ಹೇಳುವಾಗ ಮುಖದಲ್ಲಿ ಕಳೆ ಬರ್ತಿತ್ತು. ನಾನು ತಡೀಲಿಲ್ಲ. ಆರು ವಾರದಿಂದ ಆ ಮನುಷ್ಯ ಜೀವ ಹಿಡ್ಕೊಂಡಿದ್ದೇ ಆ ಜಮೀನಿನ ಯೋಚನೇಲಿ, ಅದನ್ನ ಮೊದಲ ದಿನವೇ ಲೆಕ್ಕ ಹಾಕಿ ಒಡೆದುಹಾಕಿದ್ರೆ ಏನು ಉಳಿಯುತ್ತೆ?

ಆದ್ರೆ ಒಂದು ಪ್ರಶ್ನೆ ಕೇಳಲೇಬೇಕಿತ್ತು, ಹೆಂಡ್ತೀನ ಹೊರಗೆ ಕೂರಿಸಿ ಕೇಳಿದೆ. ಸಾಯ್ಬೇಕು ಅಂತ ಅನ್ಸಿದ್ಯಾ ಅಂತ ನೇರವಾಗೇ ಕೇಳಿದೆ. ಇಂಥ ಪ್ರಶ್ನೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಾಗೇನಿಲ್ಲ, ಕೇಳಿದ್ರೆ ಎದೆ ಮೇಲಿನ ಭಾರ ಇಳಿಯುತ್ತೆ. ಸ್ವಲ್ಪ ಹೊತ್ತು ಸುಮ್ನಿದ್ದು "ಒಂದೆರಡು ಸಲ ಅನ್ಸಿತ್ತು, ಮಗಳು ನೆನಪಾದ್ಲು" ಅಂದ್ರು. ಅವತ್ತಿನ ಮಿಕ್ಕ ಟೈಮ್ ಪೂರ್ತಿ ಅದಕ್ಕೇ ಕೊಟ್ವಿ. ಹೆಂಡ್ತೀನ ಒಳಗೆ ಕರೆದು ಅವರೇ ಹೇಳೋ ಹಾಗೆ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ, ರಾತ್ರಿ ಎಷ್ಟೊತ್ತಿಗೆ ಮಾಡಿದ್ರೂ ಕನ್ನಡದಲ್ಲಿ ಮಾತಾಡ್ತಾರೆ, ಫ್ರೀ. ನಿದ್ದೆ ಪೂರ್ತಿ ಕೆಟ್ಟಿತ್ತು, ಮನೋವೈದ್ಯರ ಹತ್ರ ಕಳಿಸಿದೆ, ಮಾತ್ರೆ ಕೊಟ್ರು, ಮೂರು ವಾರಕ್ಕೆ ನಿದ್ದೆ ಸರಿಹೋಯ್ತು.

ಇನ್ನೊಂದು ಮಾತು, ಇದನ್ನ ಊರಿಗೆ ಹೋಗೋರ ಮನೆಯವರೆಲ್ಲ ತಿಳ್ಕೊಂಡಿರ್ಬೇಕು. ಹಳ್ಳಿ ಮನೇಲಿ ಕಳೆನಾಶಕ, ಕೀಟನಾಶಕದ ಬಾಟಲಿ ಸಾಮಾನ್ಯವಾಗಿ ಕೈಗೆ ಸಿಗೋ ಜಾಗದಲ್ಲೇ ಇರುತ್ತೆ. ಮನಸ್ಸು ಕುಗ್ಗಿರೋರು ಅಲ್ಲಿಗೆ ಹೋಗ್ತಿದಾರೆ ಅಂದ್ರೆ ಮೊದ್ಲು ಆ ಬಾಟಲಿಗಳನ್ನ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ ಕೀ ಬೇರೆಯವರ ಹತ್ರ ಇರ್ಬೇಕು. ಇವರ ತಮ್ಮನಿಗೆ ಹೆಂಡ್ತಿ ಫೋನ್ ಮಾಡಿ ಹೇಳಿದ್ರು, ಅವನು ಯಾಕೆ ಏನು ಅಂತ ಜಾಸ್ತಿ ಕೇಳದೆ ಅವತ್ತೇ ಮಾಡಿದ.

ಎರಡನೇ ಸೆಷನ್ನಿಗೆ ಪಹಣಿ ತನ್ನಿ ಅಂದೆ. ತಂದ್ರು. ಅಪ್ಪ ತೀರ್ಕೊಂಡು ಒಂಬತ್ತು ವರ್ಷ ಆಗಿದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಪೌತಿ ಖಾತೆ, ಅಂದ್ರೆ ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಲ್ಲ. ಅಮ್ಮ ಇದಾರೆ, ಒಬ್ಬ ತಮ್ಮ, ಒಬ್ಬಳು ತಂಗಿ, ಮದುವೆ ಆಗಿ ಹಾಸನದಲ್ಲಿದಾಳೆ. ತಂಗೀನ ಲೆಕ್ಕಕ್ಕೇ ಹಿಡಿದಿರ್ಲಿಲ್ಲ, "ಅವಳ ಮದುವೆಗೆ ಖರ್ಚು ಮಾಡಿದೀವಲ್ಲ" ಅಂದ್ರು. 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅಪ್ಪ ಬದುಕಿದ್ರೂ ಇಲ್ದಿದ್ರೂ ಅದು ಹುಟ್ಟಿನಿಂದ ಬರೋ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ, ಮದುವೆ ಖರ್ಚು ಅದಕ್ಕೆ ವಜಾ ಆಗಲ್ಲ ಅಂತ ನಾನು ಹೇಳಿದೆ. ಅಮ್ಮಂದೂ ಸೇರಿಸಿ ನೋಡಿದ್ರೆ ಇವರ ಪಾಲಿಗೆ ಬರೋದು ಹೆಚ್ಚು ಕಡಿಮೆ ಒಂದು ಎಕರೆ. ಸರಿಯಾದ ಲೆಕ್ಕ ವಕೀಲರ ಹತ್ರ ಹಾಕಿಸ್ಕೊಳ್ಳಿ ಅಂತ ಕಳಿಸಿದೆ, ಅವರೂ ಅದನ್ನೇ ಹೇಳಿದ್ರು. ಆರು ವಾರ ಪಾರ್ಕಲ್ಲಿ ಕೂತು ಮೂರು ಎಕರೆ 12 ಗುಂಟೆ ಮೇಲೆ ಕಟ್ಟಿದ ಪ್ಲಾನು ಒಂದು ಎಕರೆಗೆ ಇಳಿದಾಗ ತುಂಬಾ ಹೊತ್ತು ಮಾತಾಡ್ಲಿಲ್ಲ. ನಾನೂ ಮಾತಾಡಿಸ್ಲಿಲ್ಲ.

ಆಮೇಲೆ ತಮ್ಮ. ಈ ಪ್ರಕರಣದಲ್ಲಿ ನನಗೆ ದೊಡ್ಡದು ಅನ್ಸಿದ್ದು ಇದೇ. ಅಣ್ಣ ಬೆಂಗಳೂರಿಗೆ ಬಂದ್ಮೇಲೆ 18 ವರ್ಷದಿಂದ ಆ ಜಮೀನು ನೋಡ್ಕೊಂಡಿರೋದು ತಮ್ಮ, ಅಮ್ಮನ್ನ ನೋಡ್ಕೊಂಡಿರೋದೂ ಅವನ ಸಂಸಾರ. ಅಣ್ಣ ಯುಗಾದಿಗೆ ಗೌರಿ ಹಬ್ಬಕ್ಕೆ ಬಂದು ಮೂಟೆ ರಾಗಿ, ಕಾಯಿ ತಗೊಂಡು ಹೋಗೋರು. ಈಗ ಅಣ್ಣ ಬಂದು ಆರಂಭ ಮಾಡ್ತೀನಿ ಅಂದ್ರೆ ತಮ್ಮನ ಕಿವಿಗೆ ಅದು ಭಾಗ ಕೊಡು ಅಂದ ಹಾಗೇ ಕೇಳಿಸುತ್ತೆ. "ನಿಮ್ಮ ತಮ್ಮನ್ನ ಕೇಳಿದ್ರಾ?" ಅಂದೆ. "ಅವನೇನು ಬೇಡ ಅಂತಾನಾ ಮೇಡಂ" ಅಂದ್ರು. ನಾನು ಕೇಳಿದೆ, ನೀವಿದ್ದ ಫ್ಯಾಕ್ಟರಿಗೆ ನಾಳೆ ಒಬ್ಬರು ಬಂದು ಇವತ್ತಿಂದ ಈ ಸೆಕ್ಷನ್ ನಾನು ನೋಡ್ಕೋತೀನಿ, ನನಗೂ ಹಕ್ಕಿದೆ ಅಂದಿದ್ರೆ ನಿಮಗೆ ಹೇಗೆ ಆಗ್ತಿತ್ತು ಅಂತ. ಅವತ್ತು ಮೊದಲ ಸಲ ಅತ್ತಿದ್ದು. ತಮ್ಮನಿಗೋಸ್ಕರ ಅತ್ರೋ ಫೆಬ್ರವರಿಯ ಆ ಮಧ್ಯಾಹ್ನಕ್ಕೋಸ್ಕರ ಅತ್ರೋ, ಎರಡೂ ಇರ್ಬೇಕು. ಕೆಲಸ ಹೋದ ದುಃಖ ಅಲ್ಲೀವರೆಗೂ ಆಚೆ ಬಂದೇ ಇರ್ಲಿಲ್ಲ.

ಅದಾದ್ಮೇಲೆ ಲೆಕ್ಕ ಮಾತಾಡೋಕೆ ಆಯ್ತು. ಹೆಂಡ್ತಿ ಒಂದು ನೋಟ್‌ಬುಕ್ ತಂದಿದ್ರು, ಟೈಲರಿಂಗ್ ಮಾಡೋರು, ಲೆಕ್ಕದಲ್ಲಿ ಗಂಡನಿಗಿಂತ ಗಟ್ಟಿ.

ಮೊದ್ಲು ಬರ್ಬೇಕಾದ ದುಡ್ಡು. ರಿಸೈನ್ ಬರೆದುಕೊಟ್ಟಿದೀನಿ, ಗ್ರಾಚುಟಿ ಸಿಗಲ್ಲ ಅಂದ್ಕೊಂಡಿದ್ರು. ಐದು ವರ್ಷ ಪೂರೈಸಿದವರು ತಾವೇ ಬಿಟ್ರೂ ಗ್ರಾಚುಟಿ ಕೊಡಲೇಬೇಕು, ಕೊನೇ ಬೇಸಿಕ್ಕು ಡಿಎ ಸೇರಿಸಿ 26ರಿಂದ ಭಾಗಿಸಿ 15ರಿಂದ ಗುಣಿಸಿ ಸರ್ವಿಸ್ ವರ್ಷದಿಂದ ಗುಣಿಸೋದು. ಇವರದ್ದು 22,000, 14 ವರ್ಷ, ಸುಮಾರು 1 ಲಕ್ಷ 77 ಸಾವಿರ ಬರುತ್ತೆ. ಅರ್ಜಿ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳ್ಳಿ, ಕೊಡದಿದ್ರೆ ಕಾರ್ಮಿಕ ಇಲಾಖೆಗೆ ಹೋಗಿ ಅಂದೆ. ಸ್ವಲ್ಪ ಅಲೆದಾಡಿಸಿದ್ರು, ಬಂತು. ಪಿಎಫ್ ಮುಟ್ಟಲೇಬೇಡಿ ಅಂದೆ, ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಬೋರ್ ಕೊರೆಸೋನಿಗೆ ಅದಕ್ಕಿಂತ ಬೇಗ ಖಾಲಿಯಾಗುತ್ತೆ. ಅವರ ಊರಿನ ಅಕ್ಕಪಕ್ಕದ ಹೊಲಗಳಲ್ಲೇ 900 ಅಡಿ ಹೋಗಿ ಬರೀ ಧೂಳು ಬಂದಿದ್ದು ಅವರಿಗೇ ಗೊತ್ತಿತ್ತು, ಆದ್ರೂ "ನಮಗೆ ಸಿಗುತ್ತೆ" ಅಂತ ಆಸೆ. 2023ರಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರ ಅಂತ ಘೋಷಣೆ ಆಗಿತ್ತು, ಆ ವರ್ಷ ನಿಮ್ಮ ತಮ್ಮ ತೆಂಗಿಗೆ ನೀರು ಹೇಗೆ ಕೊಟ್ಟ ಅಂತ ಕೇಳಿ ನೋಡಿ ಅಂದೆ. ಟ್ಯಾಂಕರ್ ತರಿಸಿದ್ನಂತೆ. ಅಣ್ಣನಿಗೆ ಅದು ಗೊತ್ತೇ ಇರ್ಲಿಲ್ಲ.

ಇನ್ನು ಬೆಳೆ. ಒಂದೂವರೆ ಎಕರೆ ಖುಷ್ಕಿ ರಾಗಿ, ಮಳೆ ಸರಿಯಾಗಿ ಆದ್ರೆ 12 ಕ್ವಿಂಟಾಲ್ ಆಗ್ಬಹುದು ಅಂತ ತಮ್ಮ ಹೇಳಿದ. ಎರಡೂ ಸಂಸಾರ ಸೇರಿ ಎಂಟು ಜನಕ್ಕೆ ವರ್ಷಕ್ಕೆ ಏಳೆಂಟು ಕ್ವಿಂಟಾಲ್ ಊಟಕ್ಕೇ ಬೇಕು. ಮಿಕ್ಕ ನಾಲ್ಕು ಕ್ವಿಂಟಾಲ್ ಬೆಂಬಲ ಬೆಲೆಗೇ ಹೋಯ್ತು ಅಂದ್ಕೊಳ್ಳಿ, 2025-26ಕ್ಕೆ ಕ್ವಿಂಟಾಲಿಗೆ 4,886, ಅಂದ್ರೆ 20 ಸಾವಿರಾನೂ ಇಲ್ಲ, ಅದರಲ್ಲಿ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ, ಕಳೆ ಕೀಳೋರ ಕೂಲಿ ಕಳೀಬೇಕು. ಹೊಟ್ಟೆಗೆ ಹಿಟ್ಟಾಗುತ್ತೆ, ಸ್ಕೂಲ್ ಫೀಸ್ ಆಗಲ್ಲ. ತೆಂಗು ಇನ್ನೊಂದು ಥರ. ಕೊಬ್ಬರಿ ರೇಟು 2023ರಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರದ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ರು, 2025ರಲ್ಲಿ ತಿಪಟೂರು ಮಾರ್ಕೆಟ್ಟಲ್ಲಿ 25 ಸಾವಿರ ದಾಟಿತು. ವಿಡಿಯೋದೋರು ಈ ಎರಡನೇ ನಂಬರ್ ಮಾತ್ರ ಹೇಳ್ತಾರೆ. ಉಂಡೆ ಕೊಬ್ಬರಿ ಮಾಡೋಕೆ ಕಾಯಿನ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು, ಈ ವರ್ಷ ಕೆಡವಿದ ಕಾಯಿಗೆ ದುಡ್ಡು ಬರೋದು ಮುಂದಿನ ವರ್ಷ. ಹೊಸದಾಗಿ ಅಡಿಕೆ ಇಟ್ರೆ ಐದಾರು ವರ್ಷ ಬರೀ ಖರ್ಚು. ತಿಂಗಳ ಒಂದನೇ ತಾರೀಖು ಸಂಬಳ ನೋಡಿ 14 ವರ್ಷ ಬದುಕಿದೋರಿಗೆ ಇಂಥ ಕಾಯುವಿಕೆ ಹೊಟ್ಟೆಗಿಂತ ಜಾಸ್ತಿ ಮನಸ್ಸಿಗೆ ಕಷ್ಟ, ನಾನು ಎಚ್ಚರಿಸಿದ್ದು ಅದಕ್ಕೇ. ಪಿಎಂ ಕಿಸಾನ್ 6,000 ಬರುತ್ತಲ್ಲ ಅಂದ್ರು, ಹಿಂದಿನ ವರ್ಷ ಇನ್‌ಕಮ್ ಟ್ಯಾಕ್ಸ್ ಕಟ್ಟಿದೋರಿಗೆ ಅದು ಇಲ್ಲ, ಪಹಣಿ ನಿಮ್ಮ ಹೆಸರಲ್ಲಿ ಇಲ್ದೆ ಫ್ರೂಟ್ಸ್ ಐಡಿನೂ (ಸರ್ಕಾರದಲ್ಲಿ ರೈತರ ನೋಂದಣಿ ನಂಬರ್) ಆಗಲ್ಲ, ಅದಿಲ್ದೆ ಕೃಷಿ ಹೊಂಡದ ಸಬ್ಸಿಡಿಯಿಂದ ರಾಗಿ ಖರೀದಿ ಕೇಂದ್ರದವರೆಗೂ ಯಾವ್ದೂ ನಡೆಯಲ್ಲ.

ಇಷ್ಟೆಲ್ಲಾ ಆದ್ಮೇಲೆ ಅವರು ಕೇಳಿದ್ರು, "ಹಂಗಾದ್ರೆ ಹೋಗ್ಬೇಡ ಅಂತೀರಾ?" ಅಂತ.

ಹೋಗಿ ಅಂದೆ. ಮನಸಾರೆ ಅಂದೆ. ಆ ಮನುಷ್ಯನಿಗೆ ಮಣ್ಣಿನ ಮೇಲಿರೋ ಪ್ರೀತಿ ಸುಳ್ಳಲ್ಲ, ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡ್ತಿದ್ದಿದ್ದು ಹೇಳುವಾಗ ಕೈ ಬೆರಳು ತಾನಾಗೇ ಬೀಜ ಬಿಡೋ ಹಾಗೆ ಆಡ್ತಿತ್ತು. ಆದ್ರೆ ಒಂದು ಬೆಳೆ ಪೂರ್ತಿ, ಬಿತ್ತನೆಯಿಂದ ಕಣದವರೆಗೆ, ತಮ್ಮನ ಕೈಕೆಳಗೆ ಆಳಾಗಿ ದುಡೀರಿ, ಜೂನಿಂದ ನವೆಂಬರ್ ಕೊನೆವರೆಗೆ, ಅಷ್ಟು ದಿನ ಜಮೀನಿಗೆ ಒಂದು ರೂಪಾಯಿನೂ ಹಾಕ್ಬೇಡಿ, ಹಸು ತರಬೇಡಿ, ಭಾಗದ ಮಾತು ಎತ್ತಬೇಡಿ. ಹೆಂಡ್ತಿ ಮಗಳು ಬೆಂಗಳೂರಲ್ಲೇ ಇರ್ಲಿ, ಮಗಳು ಎಸ್ಸೆಸ್ಸೆಲ್ಸಿಗೆ ಬರ್ತಿದಾಳೆ, ಆ ವರ್ಷ ಸ್ಕೂಲ್ ಬದಲಾಯಿಸಬಾರ್ದು. ಹದಿನೈದು ದಿನಕ್ಕೊಂದು ಸಲ ಬನ್ನಿ. ಮತ್ತೆ ಹೋಗೋಕೆ ಮುಂಚೆ ತಮ್ಮನಿಗೂ ಅಮ್ಮನಿಗೂ ಕೆಲಸ ಹೋಗಿರೋ ವಿಷ್ಯ ನೀವೇ ಬಾಯಿಬಿಟ್ಟು ಹೇಳಿ, ರಜೆ ಹಾಕಿ ಬಂದಿದೀನಿ ಅಂತ ಹೇಳೋದಾದ್ರೆ ಊರೂ ಆ ಪಾರ್ಕೇ ಆಗುತ್ತೆ ಅಂದೆ. ಈ ಒಂದು ಮಾತು ಒಪ್ಪೋಕೆ ಎರಡು ಸೆಷನ್ ಬೇಕಾಯ್ತು, ಊರಲ್ಲಿ "ಬೆಂಗಳೂರಲ್ಲಿರೋ ದೊಡ್ಡ ಮಗ" ಅನ್ನಿಸ್ಕೊಂಡಿದ್ದ ಮರ್ಯಾದೆ ಬಿಡೋದು ಜಮೀನು ಬಿಡೋದಕ್ಕಿಂತ ಕಷ್ಟ.

ಹೇಳಿದ್ರು. ಅಮ್ಮ "ಉಣ್ಣೋಕೆ ಬಾ" ಅಂತ ತಟ್ಟೆ ಹಾಕಿದ್ರಂತೆ, ಬೇರೇನೂ ಕೇಳ್ಲಿಲ್ಲವಂತೆ.

ಜೂನ್ ಜುಲೈ ಮೈಕೈ ನೋವಲ್ಲಿ ಹೋಯ್ತು, ಬೊಬ್ಬೆ ಬಂದ ಅಂಗೈ ಫೋಟೋ ಕಳಿಸ್ತಿದ್ರು. ಆಗಸ್ಟಲ್ಲಿ ತಮ್ಮನ ಜೊತೆ ಜಗಳ ಆಯ್ತು, ಕಳೆಗೆ ಔಷಧಿ ಹೊಡಿಬೇಡ ಅಂತ ವಿಡಿಯೋ ತೋರಿಸೋಕೆ ಹೋಗಿದ್ರು, "ಹಂಗಾದ್ರೆ ಆಳು ನೀನೇ ಹುಡುಕ್ಕೊಂಡು ಬಾ" ಅಂದ್ನಂತೆ ಅವನು, ಇವರು ಮೂರು ದಿನ ಊರೆಲ್ಲಾ ಸುತ್ತಿ ಇಬ್ಬರು ಹೆಂಗಸರನ್ನ ಹೊಂದಿಸಿ ತಾವೂ ಕೂತು ಕಳೆ ಕಿತ್ರು, ಅದಾದ್ಮೇಲೆ ಇಬ್ಬರೂ ಮತ್ತೆ ಮಾತಾಡೋಕೆ ಶುರು ಮಾಡಿದ್ರು. ಸೆಪ್ಟೆಂಬರಲ್ಲಿ ಒಂದು ರಾತ್ರಿ ಹಂದಿ ನುಗ್ಗಿ ಒಂದು ಮೂಲೆ ಹಾಳು ಮಾಡ್ತು, ಅವತ್ತಿಂದ ಕಾವಲಿಗೆ ಅಣ್ಣ ತಮ್ಮ ಸರದಿ. ಮನಸ್ಸು ತುಂಬಾ ಕೆಳಗಿಳಿದಿದ್ದು ಆ ವಾರ, ಮಾತ್ರೆನೂ ಬಿಟ್ಟಿದ್ರು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಮನೋಚೈತನ್ಯ ಅಂತ ಸರ್ಕಾರದ್ದೇ ಕಾರ್ಯಕ್ರಮ, ಅಲ್ಲಿಗೆ ಹೋಗಿ ಅಂದೆ, ಹೋಗಿ ಬಂದ್ರು. ಹಳ್ಳಿಗೆ ಹೋಗೋರು ಚಿಕಿತ್ಸೆ ಬೆಂಗಳೂರಲ್ಲೇ ಬಿಟ್ಟು ಹೋಗ್ಬಾರ್ದು.

ಡಿಸೆಂಬರಲ್ಲಿ ಕಣ ಮುಗಿಸಿ ಬಂದಾಗ ಹತ್ತು ಕೆಜಿ ಇಳಿದಿದ್ರು, ಮುಖ ಕಪ್ಪಾಗಿತ್ತು, ರಾಗಿ ಹತ್ತೂವರೆ ಕ್ವಿಂಟಾಲ್ ಆಯ್ತು ಅಂದ್ರು. ಬೋರಿನ ಮಾತು ಎತ್ತಲಿಲ್ಲ. ತುಮಕೂರು ಹತ್ರ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ವಾಲಿಟಿ ಕೆಲ್ಸಕ್ಕೆ ಮಾತಾಡಿದಾರೆ, ಸಂಬಳ ಮೊದಲಿಗಿಂತ ಕಡಿಮೆ, ಆದ್ರೆ ಭಾನುವಾರ ಊರಿಗೆ ಹೋಗಿಬರಬಹುದು, ಮಗಳ ಪರೀಕ್ಷೆ ಮುಗಿದ್ಮೇಲೆ ಮನೆ ತುಮಕೂರಿಗೆ ಮಾಡೋದು, ಪಿಯುಸಿ ಅಲ್ಲೇ. ಎರಡು ವರ್ಷ ಹೀಗೆ ನಡೆಸಿ ಆಮೇಲೆ ಪೂರ್ತಿ ಊರಿಗೆ ಹೋಗೋದಾ ಅಂತ ನೋಡ್ತಾರಂತೆ. ಕೆಲ್ಸ ಇನ್ನೂ ಕೈಗೆ ಬಂದಿಲ್ಲ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದಾರೆ, ತಂಗಿ ಹೆಸರೂ ಸೇರಿಸಿ, ತಂಗಿ ಸಂಕ್ರಾಂತಿಗೆ ಬಂದಾಗ ಕೂತು ಮಾತಾಡೋದು ಅಂತ ಆಗಿದೆ.

ಒಂದು ವಿಷ್ಯದಲ್ಲಿ ನಾನು ತಡ ಮಾಡಿದೆ. ಇಷ್ಟು ತಿಂಗಳು ತಮ್ಮ, ಅಮ್ಮ, ತಂಗಿ ಎಲ್ಲರ ಬಗ್ಗೆ ಮಾತಾಡಿದ್ವಿ, ತಮ್ಮನ ಹೆಂಡ್ತಿ ಬಗ್ಗೆ ನಾನು ಕೇಳಿರ್ಲೇ ಇಲ್ಲ. ಆರು ತಿಂಗಳು ಇವರಿಗೆ ಹಿಟ್ಟು ತಿರುವಿ ಹಾಕಿದ್ದು, ಕೊಟ್ಟಿಗೆ ಬಳಿದಿದ್ದು, ರಾಗಿ ಕೊಯ್ಲಲ್ಲಿ ಮುಯ್ಯಾಳು (ಕೂಲಿ ಬದಲು ಕೆಲಸಕ್ಕೆ ಕೆಲಸ ಮಾಡಿಕೊಡೋರು) ಹೊಂದಿಸಿದ್ದು ಎಲ್ಲಾ ಆಕೆ, ಪಹಣೀಲೂ ಇಲ್ಲ, ವಂಶವೃಕ್ಷದಲ್ಲೂ ಇಲ್ಲ. ಕಳೆದ ಸಲ ಇವರೇ ಹೇಳಿದ್ರು, "ಅವಳಿಗೂ ನಿಮ್ಮ ಹತ್ರ ಮಾತಾಡ್ಬೇಕಂತೆ ಮೇಡಂ". ಊರಿಂದ ಬರೋ ಬಸ್ಸಿನ ಟೈಮ್ ನೋಡ್ಕೊಂಡು ಹನ್ನೊಂದೂವರೆಗೆ ಅಪಾಯಿಂಟ್‌ಮೆಂಟ್ ಇಟ್ಟಿದೀನಿ.